ತಾರೆಯರ ಬದುಕಿಗೆ ಸಾಕ್ಷಿ ಯಾರು?

‘ಸಾಕ್ಷ್ಯಚಿತ್ರ’ ಎಂಬುದು ಕನ್ನಡದ ಒಂದು ಒಳ್ಳೆಯ ಶಬ್ದ. ಇಂಗ್ಲಿಷಿನಲ್ಲಿ ಈ ಬಗೆಯ ಚಿತ್ರಗಳಿಗಿರುವ ‘ಡಾಕ್ಯುಮೆಂಟರಿ’ ಎಂಬ ಹೆಸರಿನ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಆ ಧಾತುವಿಗೆ ಕಲಿಸು ಎಂದರ್ಥ. ನಮ್ಮ ಶಬ್ದ ಅದಕ್ಕಿಂತ ಕಠಿಣವಾದುದನ್ನು ಕೇಳುತ್ತದೆ. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು, ಕಂಡದ್ದನ್ನು ಕಂಡಂತೆ ಹೇಳಲು ಬದ್ಧನಾದವನು, ಕೇಳಿದ ಮರುಪ್ರಶ್ನೆಗೂ ಉತ್ತರ ಕೊಡಬೇಕಾದವನು. ಹಳೆಯ ಚಲನಚಿತ್ರ ತಾರೆಯರ ಜೀವನವನ್ನು ಕುರಿತ ಸಾಕ್ಷ್ಯಚಿತ್ರಗಳನ್ನು ನೋಡುವಾಗಲೆಲ್ಲ, ಇವು ತಮ್ಮ ಹೆಸರಿಗೆ ಎಷ್ಟರಮಟ್ಟಿಗೆ ನ್ಯಾಯ ಸಲ್ಲಿಸುತ್ತಿವೆ ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಏಳುತ್ತದೆ. ಈಗ ಅಂತಹ ಚಿತ್ರಗಳು ನಮ್ಮ ಮನೆಗಳ ಪರದೆಯ ಮೇಲೆ ಧಾರಾಳವಾಗಿ ಬರುತ್ತಿವೆ. ರಾತ್ರಿಯ ಊಟದ ಹೊತ್ತಿಗೆ ಅಜ್ಜಿ, ತಾಯಿ, ಮೊಮ್ಮಗಳು ಮೂವರೂ ಒಟ್ಟಿಗೆ ಕುಳಿತು ನೋಡಬಹುದಾದ ಕೆಲವೇ ಕಾರ್ಯಕ್ರಮಗಳಲ್ಲಿ ಇವೂ ಸೇರಿವೆ. ಆದ್ದರಿಂದ, ಪ್ರಿಯ ಓದುಗರೇ, ಇವುಗಳನ್ನು ಹೇಗೆ ನೋಡಬೇಕೆಂಬುದನ್ನು ಸ್ವಲ್ಪ ವಿಚಾರ ಮಾಡುವುದು ವ್ಯರ್ಥವಾಗಲಾರದು.

ಮೊದಲು ಕನ್ನಡದ ದೂರದರ್ಶನ ವಾಹಿನಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯನ್ನೇ ತೆಗೆದುಕೊಳ್ಳೋಣ. ಏಪ್ರಿಲ್ 24 ಡಾ. ರಾಜ್‌ಕುಮಾರ್ ಹುಟ್ಟಿದ ದಿನ, ಸೆಪ್ಟೆಂಬರ್ 18 ಡಾ. ವಿಷ್ಣುವರ್ಧನ್ ಹುಟ್ಟಿದ ದಿನ. ಆ ದಿನಗಳಂದು ಒಂದು ಗಂಟೆಯ ವಿಶೇಷ ಕಾರ್ಯಕ್ರಮ ಖಂಡಿತ. ಕೊಳಲಿನ ವಿಷಾದದ ಆಲಾಪ, ಗಂಭೀರ ಕಂಠದ ನಿರೂಪಣೆ, ಹತ್ತು ಹಾಡುಗಳ ತುಣುಕು, ನಡುನಡುವೆ ಸಹಕಲಾವಿದರ ನಾಲ್ಕು ಮಾತು. ಆ ನಾಲ್ಕು ಮಾತೂ ಬಹುಮಟ್ಟಿಗೆ ಒಂದೇ: ಅವರಂತಹ ಸರಳ ಜೀವಿ ಇನ್ನೊಬ್ಬರಿಲ್ಲ, ಸಮಯಪಾಲನೆಯಲ್ಲಿ ಅವರನ್ನು ಮೀರಿಸಿದವರಿಲ್ಲ, ಸೆಟ್ಟಿನ ಹುಡುಗನನ್ನೂ ಹೆಸರಿಡಿದು ಮಾತನಾಡಿಸುತ್ತಿದ್ದರು. ಇದೆಲ್ಲ ನಿಜವೇ ಇರಬಹುದು. ಆದರೆ ಆ ಸೆಟ್ಟಿನ ಹುಡುಗನನ್ನು ಹುಡುಕಿಕೊಂಡು ಹೋಗಿ, ‘ನಿನ್ನ ಹೆಸರನ್ನು ಅವರು ಎಂದು, ಯಾವ ಸಂದರ್ಭದಲ್ಲಿ ಕರೆದರು? ಆ ದಿನ ಏನಾಯಿತು?’ ಎಂದು ಕೇಳಿದ ಕಾರ್ಯಕ್ರಮ ಎಷ್ಟಿದೆ? ಒಂದು ಗಂಟೆ ಕಳೆದ ಮೇಲೆ ನಮಗೆ ಮೊದಲೇ ತಿಳಿದಿದ್ದ ಮಾತೇ ಹೂವಿನ ಹಾರ ಹಾಕಿಕೊಂಡು ಮರಳಿ ನಮ್ಮ ಮುಂದೆ ನಿಂತಿರುತ್ತದೆ. (ಸಂತರ ಚರಿತ್ರೆಗಳನ್ನು ಬರೆದವರೂ ಬಹುಕಾಲ ಹೀಗೆಯೇ ಮಾಡಿದರು ಎಂದು ಒಪ್ಪಿಕೊಳ್ಳಬೇಕು. 1643ರಲ್ಲಿ ಬೊಲಾಂಡಿಸ್ಟರೆಂಬ ಯೇಸುಸಭೆಯ ವಿದ್ವಾಂಸರು ಮೂಲ ಆಧಾರಗಳನ್ನು ಒಂದೊಂದಾಗಿ ತೂಗಿ ನೋಡಿ ಸಂಪುಟಗಳನ್ನು ಹೊರತರತೊಡಗಿದಾಗ ಅದನ್ನು ಇಷ್ಟಪಡದ ಭಕ್ತರೂ ಇದ್ದರು.)

ಇದಕ್ಕೆ ನಿರ್ಮಾಪಕರ ಸೋಮಾರಿತನವೊಂದನ್ನೇ ದೂರಿದರೆ ಅನ್ಯಾಯವಾದೀತು. ತಾರೆಯೊಬ್ಬರ ಜೀವನವನ್ನು ಚಿತ್ರಿಸಲು ಅವರ ಸಿನಿಮಾಗಳ ತುಣುಕುಗಳು ಬೇಕು. ಅವುಗಳ ಹಕ್ಕು ನಿರ್ಮಾಪಕರ ಕೈಯಲ್ಲಿದೆ. ಮನೆಯ ಹಳೆಯ ಭಾವಚಿತ್ರ, ಪತ್ರ, ಉಡುಪು ಇವೆಲ್ಲ ಬೇಕು. ಅವು ಕುಟುಂಬದವರ ಕಪಾಟಿನಲ್ಲಿವೆ. ನಟಿ ನಯನತಾರಾ ಅವರನ್ನು ಕುರಿತು 2024ರಲ್ಲಿ ನೆಟ್‌ಫ್ಲಿಕ್ಸ್ ಬಿಡುಗಡೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಮೂರು ಸೆಕೆಂಡುಗಳ ಒಂದು ತುಣುಕಿಗಾಗಿ ನಿರ್ಮಾಪಕ ಧನುಷ್ ಅವರಿಂದ ಹತ್ತು ಕೋಟಿ ರೂಪಾಯಿಯ ಬೇಡಿಕೆ ಬಂದ ಸಂಗತಿ ಪತ್ರಿಕೆಗಳಲ್ಲೆಲ್ಲ ಚರ್ಚೆಯಾಯಿತು. ಹೀಗಿರುವಾಗ ಕಪಾಟಿನ ಬೀಗದ ಕೈ ಹಿಡಿದವರನ್ನು ನೋಯಿಸಿ ಚಿತ್ರ ಮಾಡುವವರು ವಿರಳ. ತಾರೆಯೇ ನಿರ್ಮಾಣದಲ್ಲಿ ಪಾಲುದಾರರಾಗುವುದು, ಮಕ್ಕಳೇ ತಂದೆತಾಯಿಯರ ಚಿತ್ರಕ್ಕೆ ಹಣ ಹೂಡುವುದು ಈಗ ಸಾಮಾನ್ಯವಾಗಿದೆ. ಇಂತಹ ಚಿತ್ರವೊಂದನ್ನು ನೋಡಲು ಕುಳಿತಾಗ ಮೊದಲ ಅಕ್ಷರಪಟ್ಟಿಯನ್ನು ಗಮನವಿಟ್ಟು ಓದಿ. ಯಾರ ಹಣದಲ್ಲಿ ತಯಾರಾಯಿತೆಂಬುದು ಅಲ್ಲಿರುತ್ತದೆ.

ಹಾಗೆಂದು ಕುಟುಂಬದವರು ಮಾಡಿದ್ದೆಲ್ಲ ಮುಖಸ್ತುತಿಯೆಂದು ತಳ್ಳಿಹಾಕುವಂತಿಲ್ಲ. ಚಾವಟಿ ಹಿಡಿದು ಕುದುರೆಯೇರಿ, ಚಲಿಸುವ ರೈಲಿನ ಮೇಲೆ ಹೋರಾಡಿದ ನಾಡಿಯಾ ಅವರನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ಅವರ ಬದುಕನ್ನು ಕುರಿತು 1993ರಲ್ಲಿ ‘ಫಿಯರ್‌ಲೆಸ್: ದಿ ಹಂಟರ್‌ವಾಲಿ ಸ್ಟೋರಿ’ ಎಂಬ ಚಿತ್ರ ಮಾಡಿದ ರಿಯಾದ್ ವಾಡಿಯಾ ಅದೇ ಮನೆತನದ ಹುಡುಗ. ಮನೆಯ ಹಳೆಯ ರೀಲುಗಳು ಅವನಿಗೆ ಸಿಕ್ಕಿದ್ದರಿಂದಲೇ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಮೇರಿ ಇವಾನ್ಸ್ ಎಂಬ ಹೆಸರಿನಿಂದ ಹುಟ್ಟಿದ ಈ ಸಾಹಸಿ ಹೆಣ್ಣುಮಗಳನ್ನು ಹೊಸ ತಲೆಮಾರು ಮತ್ತೆ ಕಾಣುವಂತಾಯಿತು. 2015ರಲ್ಲಿ ಸ್ವೀಡನ್ನಿನ ಸ್ಟಿಗ್ ಬ್ಯೋರ್ಕ್‌ಮನ್ ನಿರ್ದೇಶಿಸಿದ, ಇಂಗ್ರಿಡ್ ಬರ್ಗ್‌ಮನ್ ಅವರನ್ನು ಕುರಿತ ಚಿತ್ರದಲ್ಲಿಯೂ ಆಕೆಯ ನಾಲ್ವರು ಮಕ್ಕಳು ಮಾತನಾಡುತ್ತಾರೆ. ಜೋನ್ ಆಫ್ ಆರ್ಕ್ ಪಾತ್ರವನ್ನು, ಕನ್ಯಾಸ್ತ್ರೀಯ ಪಾತ್ರವನ್ನು ಅಭಿನಯಿಸಿ ಅಮೆರಿಕದ ಜನರ ಪೂಜ್ಯಭಾವಕ್ಕೆ ಪಾತ್ರಳಾದ ಬರ್ಗ್‌ಮನ್, ಪತಿಯನ್ನೂ ಎಳೆಯ ಮಗಳನ್ನೂ ಬಿಟ್ಟು ಇಟಲಿಯ ನಿರ್ದೇಶಕ ರೊಸ್ಸೆಲಿನಿಯ ಬಳಿ ಹೋದದ್ದು, 1950ರಲ್ಲಿ ಅಮೆರಿಕದ ಸೆನೆಟ್ ಸಭೆಯಲ್ಲಿ ಆಕೆಯ ವಿರುದ್ಧ ಭಾಷಣವಾದದ್ದು ಇತಿಹಾಸ. ಈ ಚಿತ್ರ ಅದನ್ನು ಮುಚ್ಚಿಡುವುದಿಲ್ಲ, ಚಪ್ಪರಿಸುವುದೂ ಇಲ್ಲ. ಆಕೆ ತಾನೇ ಚಿತ್ರೀಕರಿಸಿದ ಮನೆಯ ತುಣುಕುಗಳಲ್ಲಿ ಮಕ್ಕಳು ಹುಲ್ಲಿನ ಮೇಲೆ ಆಡುತ್ತಿದ್ದಾರೆ. ಕ್ಯಾಮೆರಾ ಹಿಡಿದ ತಾಯಿ ಮಾತ್ರ ಚೌಕಟ್ಟಿನ ಹೊರಗಿದ್ದಾಳೆ. ಬಿಟ್ಟುಹೋದ ತಾಯಿಯನ್ನು ಕುರಿತು ಮಗಳು ಪಿಯಾ ಮುದುಕಿಯಾದ ಮೇಲೆ ಮಾತನಾಡುವಾಗ ಅಲ್ಲಿ ದೂರೂ ಇದೆ, ಪ್ರೀತಿಯೂ ಇದೆ. ಎರಡನ್ನೂ ಬಿಡಿಸಲಾಗದು. ಕುಟುಂಬದ ಸಾಕ್ಷಿ ಹೀಗಿದ್ದರೆ ನಾವು ಕೈಮುಗಿದು ಸ್ವೀಕರಿಸೋಣ.

ಇನ್ನೊಂದು ತುದಿಯಲ್ಲಿ, ತಾನು ಸಾಕ್ಷಿ ಹೇಳುವುದಿಲ್ಲವೆಂದು ಹಟ ಹಿಡಿದು ಕುಳಿತ ತಾರೆಯ ಚಿತ್ರವೂ ಒಂದಿದೆ. ನಟ ಮ್ಯಾಕ್ಸಿಮಿಲಿಯನ್ ಶೆಲ್ ಜರ್ಮನ್ ತಾರೆ ಮರ್ಲೀನ್ ಡೀಟ್ರಿಕ್ ಅವರ ಬಗ್ಗೆ ‘ಮರ್ಲೀನ್’ (1984) ಎಂಬ ಸಾಕ್ಷ್ಯಚಿತ್ರ ಮಾಡಲು ಪ್ಯಾರಿಸ್ಸಿಗೆ ಹೋದಾಗ ಆಕೆ ಧ್ವನಿಯನ್ನು ಮುದ್ರಿಸಿಕೊಳ್ಳಲು ಒಪ್ಪಿದರು, ಮುಖವನ್ನು ತೋರಿಸಲು ಮಾತ್ರ ಒಪ್ಪಲಿಲ್ಲ. ಶೆಲ್ ಕೇಳಿದ ಪ್ರಶ್ನೆಗಳಿಗೆಲ್ಲ ಸಿಡುಕು, ಹಾರಿಕೆಯ ಉತ್ತರ, ಜಗಳ. ಬೇರೆ ನಿರ್ದೇಶಕನಾಗಿದ್ದರೆ ಯೋಜನೆಯನ್ನೇ ಕೈಬಿಡುತ್ತಿದ್ದ. ಶೆಲ್ ಆ ಜಗಳವನ್ನೇ ಚಿತ್ರವಾಗಿಸಿದ. ಪರದೆಯ ಮೇಲೆ ಯೌವನದ ಬೆಳಗುವ ಮುಖ, ಹಿನ್ನೆಲೆಯಲ್ಲಿ ವೃದ್ಧೆಯ ಕೋಪದ ಕಂಠ. ಎಂಬತ್ತು ದಾಟಿದ ಹೆಣ್ಣುಮಗಳೊಬ್ಬಳು ‘ನನ್ನನ್ನು ನೋಡಬೇಡಿ’ ಎನ್ನುವ ಹಕ್ಕನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ, ಚಿತ್ರ ಮಾಡಿದವನು ಆ ಹಕ್ಕನ್ನು ಮುರಿಯಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಕಾರದ ಅತ್ಯಂತ ಪ್ರಾಮಾಣಿಕ ಚಿತ್ರಗಳಲ್ಲಿ ಅದೊಂದು.

ಈಗ ನಮ್ಮ ಮೈಸೂರಿಗೆ ಹತ್ತಿರ ಬರೋಣ. ಬೆಂಗಳೂರಿನಲ್ಲಿ 1925ರ ಜುಲೈ 9ರಂದು ಹುಟ್ಟಿ, ಕಲ್ಕತ್ತೆಯಲ್ಲಿ ಬೆಳೆದು, ಬೊಂಬಾಯಿಯಲ್ಲಿ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳನ್ನು ಮಾಡಿದ ಗುರುದತ್ ಪಡುಕೋಣೆ ಅವರನ್ನು ಕುರಿತು ನಸ್ರೀನ್ ಮುನ್ನಿ ಕಬೀರ್ 1989ರಲ್ಲಿ ಬ್ರಿಟನ್ನಿನ ಚಾನೆಲ್ 4 ಸಂಸ್ಥೆಗಾಗಿ ‘ಇನ್ ಸರ್ಚ್ ಆಫ್ ಗುರುದತ್’ ಎಂಬ ಸಾಕ್ಷ್ಯಚಿತ್ರ ತಯಾರಿಸಿದರು. ಗುರುದತ್ ತೀರಿಕೊಂಡು ಅಷ್ಟರಲ್ಲಿ ಕಾಲು ಶತಮಾನವಾಗಿತ್ತು. ಅವರ ಸಂದರ್ಶನಗಳ ಚಲಚ್ಚಿತ್ರವಾಗಲಿ, ಆತ್ಮಕಥೆಯಾಗಲಿ ಇರಲಿಲ್ಲ. ಉಳಿದದ್ದು ಅವರ ಸಿನಿಮಾಗಳು ಮತ್ತು ಅವರೊಂದಿಗೆ ಕೆಲಸ ಮಾಡಿದವರ ನೆನಪು. ಕಬೀರ್ ಈ ಎರಡನ್ನೇ ನೆಚ್ಚಿಕೊಂಡರು. ಬರಹಗಾರ ಅಬ್ರಾರ್ ಅಲ್ವಿ, ಹಾಸ್ಯನಟ ಜಾನಿ ವಾಕರ್, ನಟಿ ವಹೀದಾ ರೆಹಮಾನ್, ತಂಗಿ ಲಲಿತಾ ಲಾಜ್ಮಿ ಹೀಗೆ ಒಬ್ಬೊಬ್ಬರೂ ತಾವು ಕಂಡ ಗುರುದತ್ತನನ್ನು ಹೇಳುತ್ತಾರೆ. ಕಂಡವರ ಕಣ್ಣಿಗೆ ತಕ್ಕಂತೆ ಆ ಮನುಷ್ಯ ಬದಲಾಗುತ್ತಾನೆ. ಚಿತ್ರ ಅದನ್ನು ತಿದ್ದಿ ಸಮ ಮಾಡಲು ಹೋಗುವುದಿಲ್ಲ.

ಈ ಸಾಕ್ಷಿಗಳಲ್ಲಿ ನಮಗೆ ಹೆಮ್ಮೆಯಾಗಬೇಕಾದವರು ಛಾಯಾಗ್ರಾಹಕ ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಮೂರ್ತಿಯವರು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತವರು, ಪಿಟೀಲು ನುಡಿಸಬಲ್ಲವರು. 1951ರ ‘ಬಾಜಿ’ ಚಿತ್ರದಲ್ಲಿ ಅವರು ಸಹಾಯಕರಷ್ಟೇ. ಆದರೂ ಅವರ ಕೈಚಳಕವನ್ನು ಕಂಡ ಗುರುದತ್ ಮರುವರ್ಷದ ‘ಜಾಲ್’ ಚಿತ್ರದಿಂದ ಕ್ಯಾಮೆರಾವನ್ನು ಅವರಿಗೇ ಒಪ್ಪಿಸಿದರು. (ಗೋವೆಯ ಕ್ರೈಸ್ತ ಬೆಸ್ತರ ನಡುವೆ ನಡೆಯುವ ಕಥೆ ಅದು, ನಮ್ಮ ಕರಾವಳಿಯ ಕುಟುಂಬಗಳವರು ಹುಡುಕಿ ನೋಡಬಹುದು.) 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಬರಿದಾದ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲೊಂದಿದೆ. ಅದರ ಎರಡು ಬದಿಗಳಲ್ಲಿ ಗಂಡುಹೆಣ್ಣು ಒಬ್ಬರನ್ನೊಬ್ಬರು ಮುಟ್ಟದೆ ನಿಂತಿರುತ್ತಾರೆ. ಸ್ಟುಡಿಯೋದ ದೊಡ್ಡ ದೀಪಗಳಿಂದ ಆ ಕೋಲು ಮೂಡುವಂತಿರಲಿಲ್ಲ. ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿಯನ್ನಿಟ್ಟು, ಅದರ ಬೆಳಕನ್ನು ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ನೆಲಕ್ಕಿಳಿಸಿದ ಕಥೆಯನ್ನು ಮೂರ್ತಿಯವರು ತಮ್ಮ ಸಂದರ್ಶನಗಳಲ್ಲಿ ಹೇಳುತ್ತಿದ್ದರು.

ನೋಡಿ, ಇದು ಸಾಕ್ಷಿ. ಇದರಲ್ಲಿ ‘ಮಹಾನ್’, ‘ಅದ್ವಿತೀಯ’ ಎಂಬ ಒಂದು ವಿಶೇಷಣವೂ ಇಲ್ಲ. ಎರಡು ಕನ್ನಡಿ ಎಲ್ಲಿದ್ದುವು, ಸೂರ್ಯ ಎಲ್ಲಿದ್ದ ಎಂಬ ವಿವರವಷ್ಟೇ ಇದೆ. ಆದರೂ ಈ ವಿವರದಿಂದ ಗುರುದತ್ ಎಂಬ ಮನುಷ್ಯನ ಸ್ವಭಾವ ನಮಗೆ ಗೊತ್ತಾಗುತ್ತದೆ: ಹೊಸತೊಂದು ಬೆಳಕಿಗಾಗಿ ಕಾಯಬಲ್ಲವನು, ತನ್ನ ಕೈಕೆಳಗಿನವನ ಕಲ್ಪನೆಯನ್ನು ನಂಬಬಲ್ಲವನು. ಚಿತ್ರ ಸೋತಿತು, ಅದಾದ ಮೇಲೆ ಗುರುದತ್ ಯಾವ ಚಿತ್ರಕ್ಕೂ ನಿರ್ದೇಶಕನೆಂದು ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ ಅದೇ ಚಿತ್ರಕ್ಕಾಗಿ ಫಿಲಂಫೇರ್ ಪ್ರಶಸ್ತಿ ಬಂತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾಗಿ, 2014ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಕನ್ನಡದಲ್ಲಿ ಅವರು ಛಾಯಾಗ್ರಹಣ ಮಾಡಿದ ‘ಹೂವು ಹಣ್ಣು’ ಮೈಸೂರಿನವರೇ ಆದ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ್ದು. ಉಮಾ ರಾವ್ ಅವರು ಮೂರ್ತಿಯವರ ಬಗ್ಗೆ ಬರೆದ ಪುಸ್ತಕದ ಹೆಸರೇ ‘ಬಿಸಿಲು ಕೋಲು’.

ಗುರುದತ್ ಚಿತ್ರದಲ್ಲಿ ಒಂದು ಖಾಲಿ ಜಾಗವೂ ಇದೆ. ಪತ್ನಿ, ಗಾಯಕಿ ಗೀತಾ ದತ್ 1972ರಲ್ಲಿಯೇ ತೀರಿಕೊಂಡಿದ್ದರು. ಆ ದಾಂಪತ್ಯದ ಬಗ್ಗೆ ಎಲ್ಲರೂ ಮಾತನಾಡಬಲ್ಲರು, ಆಕೆಯೊಬ್ಬಳು ಮಾತ್ರ ಮಾತನಾಡಲಾರಳು. ಮೃತರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಹಳೆಯ ಲ್ಯಾಟಿನ್ ಗಾದೆಯನ್ನು ನಾನು ಸೆಮಿನರಿಯಲ್ಲಿ ಕಲಿತೆ. ಆದರೆ ಇಬ್ಬರು ಮೃತರಿದ್ದಾಗ, ಒಬ್ಬರ ಬಗ್ಗೆ ಒಳ್ಳೆಯದನ್ನಾಡಲು ಇನ್ನೊಬ್ಬರನ್ನು ತಪ್ಪಿತಸ್ಥರನ್ನಾಗಿಸುವ ಅಭ್ಯಾಸಕ್ಕೆ ಆ ಗಾದೆಯಲ್ಲಿ ಮದ್ದಿಲ್ಲ. ಪ್ರತಿಭಾವಂತ ಗಂಡ, ಅರ್ಥ ಮಾಡಿಕೊಳ್ಳದ ಹೆಂಡತಿ ಎಂಬ ಸಿದ್ಧ ಅಚ್ಚು ನಮ್ಮ ಕಥನಗಳಲ್ಲಿ ಬೇಕಾದಷ್ಟಿದೆ. ಗುರುದತ್ತರ ತಾಯಿ ವಾಸಂತಿ ಪಡುಕೋಣೆಯವರು ಮಗನ ಬಗ್ಗೆ ಕನ್ನಡದಲ್ಲಿಯೇ ‘ನನ್ನ ಮಗ ಗುರುದತ್ತ’ ಎಂಬ ಪುಸ್ತಕ ಬರೆದಿದ್ದಾರೆ. ಬಂಗಾಳಿಯಿಂದ ಕನ್ನಡಕ್ಕೆ ಅನುವಾದ ಮಾಡಿದ ಲೇಖಕಿ ಆಕೆ. ಅತ್ತೆಯೊಬ್ಬಳು ಮಗ ಸೊಸೆಯರ ಸಂಸಾರದ ಬಗ್ಗೆ ಬರೆದದ್ದನ್ನು ಹೇಗೆ ಓದಬೇಕೆಂದು ನಮ್ಮ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

1964ರ ಅಕ್ಟೋಬರ್ 10ರಂದು ಬೊಂಬಾಯಿಯ ಪೆಡ್ಡರ್ ರಸ್ತೆಯ ಬಾಡಿಗೆಯ ಮನೆಯಲ್ಲಿ ಗುರುದತ್ ಸತ್ತು ಬಿದ್ದಿದ್ದರು. ಮದ್ಯ ಮತ್ತು ನಿದ್ರೆಗುಳಿಗೆಗಳ ಬೆರಕೆ. ವಯಸ್ಸು 39. ಅದು ಉದ್ದೇಶಪೂರ್ವಕವೋ ಆಕಸ್ಮಿಕವೋ ಎಂಬುದರ ಬಗ್ಗೆ ಹತ್ತಿರದವರಲ್ಲಿಯೇ ಎರಡು ಅಭಿಪ್ರಾಯಗಳಿದ್ದುವು. ಅದೊಂದು ರಾತ್ರಿಯನ್ನು ಹಿಡಿದುಕೊಂಡು ಅಲ್ಲಿಂದ ಹಿಂದಕ್ಕೆ ಇಡೀ ಬದುಕನ್ನು ಓದುವ ಚಟ ನಮ್ಮ ಮಾಧ್ಯಮಗಳಿಗಿದೆ. ಆತ ಮಾಡಿದ ಚಿತ್ರಗಳು, ನಕ್ಕ ನಗು, ಹೊಸಬರಿಗೆ ಕೊಟ್ಟ ಅವಕಾಶ ಎಲ್ಲವೂ ಆ ರಾತ್ರಿಯ ಪೀಠಿಕೆಯಾಗಿಬಿಡುತ್ತವೆ.

ಈ ಚಟದ ಅತ್ಯಂತ ಕ್ರೂರ ರೂಪವನ್ನು ನೋಡಬೇಕಾದರೆ ಕನ್ನಡದ ನಟಿ ಕಲ್ಪನಾ ಅವರನ್ನು ಕುರಿತು ಬರುವ ಕಾರ್ಯಕ್ರಮಗಳನ್ನು ನೋಡಬೇಕು. ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ಶರಪಂಜರ’ ಚಿತ್ರಗಳ ಈ ಮಹಾನಟಿ 1979ರ ಮೇ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕೊನೆಯುಸಿರೆಳೆದರು. ಆ ಬಂಗಲೆಯ ಕಿಟಕಿಯನ್ನು, ಮುಚ್ಚಿದ ಬಾಗಿಲನ್ನು, ಒಳಗಿನ ಮಂಚವನ್ನು ಎಷ್ಟು ಬಾರಿ ತೋರಿಸಿದ್ದಾರೆ! ಹಿನ್ನೆಲೆಯಲ್ಲಿ ಭಯಾನಕ ಸಂಗೀತ. ಯಾರೊಡನೆ ಜಗಳವಾಯಿತು, ಎಷ್ಟು ಮಾತ್ರೆ, ಯಾರ ಕೈವಾಡ ಎಂದು ನಿರೂಪಕ ಪಿಸುಗುಟ್ಟುತ್ತಾನೆ. ಮಂಗಳೂರಿನ ಹುಡುಗಿಯೊಬ್ಬಳು ಧ್ವನಿಯ ಏರಿಳಿತವನ್ನು ಹೇಗೆ ಪಳಗಿಸಿಕೊಂಡಳು, ಪುಟ್ಟಣ್ಣ ಕಣಗಾಲರಂತಹ ಕಟ್ಟುನಿಟ್ಟಿನ ನಿರ್ದೇಶಕರ ಕೈಯಲ್ಲಿ ಒಂದು ದೃಶ್ಯವನ್ನು ಹೇಗೆ ಕಟ್ಟಿದಳು, ನಲವತ್ತು ತುಂಬುವ ಮೊದಲೇ ಪಾತ್ರಗಳು ಕಡಿಮೆಯಾದಾಗ ನಾಟಕದ ಕಂಪನಿಯೊಂದಿಗೆ ಊರೂರು ತಿರುಗಿ ಹೇಗೆ ದುಡಿದಳು ಎಂಬುದರ ಬಗ್ಗೆ ಹತ್ತು ನಿಮಿಷವೂ ಇಲ್ಲ.

1971ರ ‘ಶರಪಂಜರ’ವನ್ನು ಒಮ್ಮೆ ನೆನಪಿಸಿಕೊಳ್ಳಿ. ಅದೂ ತ್ರಿವೇಣಿಯವರ ಕಾದಂಬರಿಯೇ. ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾದ ಕಾವೇರಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಸುತ್ತಲಿನವರ ಪಿಸುಮಾತು, ಅನುಮಾನದ ನೋಟ, ಹಳೆಯದನ್ನು ಕೆದಕುವ ಕುತೂಹಲ ಅವಳನ್ನು ನೆಮ್ಮದಿಯಾಗಿರಲು ಬಿಡುವುದಿಲ್ಲ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ. ಆ ಕಾವೇರಿಯನ್ನು ಕಂಡು ಕಣ್ಣೀರಿಟ್ಟ ನಾಡು, ಕಾವೇರಿಯಾಗಿ ನಟಿಸಿದವಳಿಗೆ ನಾಲ್ಕು ದಶಕಗಳಿಂದ ಅದೇ ಪಿಸುಮಾತನ್ನು ಬಡಿಸುತ್ತಿದೆ. ಇಂತಹ ಕಾರ್ಯಕ್ರಮ ಮನೆಯಲ್ಲಿ ನಡೆಯುತ್ತಿರುವಾಗ ನಿಮ್ಮ ಪಕ್ಕದಲ್ಲಿ ಮನೋವ್ಯಥೆಯಿಂದ ಬಳಲುತ್ತಿರುವ ಮಗಳೋ ಸೊಸೆಯೋ ಕುಳಿತಿರಬಹುದು. ತನ್ನ ಬಗ್ಗೆ ಲೋಕ ಏನು ಮಾತನಾಡೀತೆಂದು ಆಕೆ ಕಲಿಯುವುದು ಅಲ್ಲಿಂದಲೇ. ಟಿ.ವಿ. ಆರಿಸಲು ನಾನು ಹೇಳುತ್ತಿಲ್ಲ. ಅದರ ಬದಲು ‘ಶರಪಂಜರ’ವನ್ನೇ ಹಾಕಿ ನೋಡಿ. ಆ ನಟಿಯ ಬಗ್ಗೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಇನ್ನೊಂದಿಲ್ಲ.

ಆದರೆ ಸಿನಿಮಾಗಳೇ ಉಳಿಯದಿದ್ದರೆ? 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಸುಬ್ಬಯ್ಯ ನಾಯ್ಡು ಹೇಗೆ ಮಾತನಾಡಿದರು, ತ್ರಿಪುರಾಂಬ ಹೇಗೆ ಹಾಡಿದರು ಎಂಬುದನ್ನು ನಾವು ಛಾಯಾಚಿತ್ರ ನೋಡಿ ಊಹಿಸಬೇಕು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದ ಮೇಲೆ ಪಿ.ಕೆ. ನಾಯರ್ ಎಂಬವರು ಊರೂರು ಅಲೆದು ಹಳೆಯ ಚಿತ್ರಗಳ ಡಬ್ಬಗಳನ್ನು ಕೂಡಿಹಾಕಿದರು. ಅವರ ಬಗ್ಗೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಅತ್ಯುತ್ತಮ ಸಾಕ್ಷ್ಯಚಿತ್ರ. ತಾರೆಯ ಚಿತ್ರವಲ್ಲ, ತಾರೆಯರನ್ನು ಉಳಿಸಿದವನ ಚಿತ್ರ.

ನಮ್ಮ ಊರಿನಲ್ಲಿಯೇ ಹುಣಸೂರು ರಸ್ತೆಯಲ್ಲಿ ಪ್ರೀಮಿಯರ್ ಸ್ಟುಡಿಯೋ ಇತ್ತು. ದಶಕಗಳ ಕಾಲ ಎಷ್ಟೋ ಕನ್ನಡ ಚಿತ್ರಗಳು ಅಲ್ಲಿ ರೂಪುಗೊಂಡುವು. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನನ್ನು ಕುರಿತ ಹಿಂದಿ ಧಾರಾವಾಹಿಯ ಚಿತ್ರೀಕರಣದ ವೇಳೆ ಅಲ್ಲಿ ಎದ್ದ ಬೆಂಕಿಯಲ್ಲಿ 62 ಜನ ಬೆಂದುಹೋದರು. ಆ ದುರಂತವೆಂದ ಕೂಡಲೇ ಗಾಯಗೊಂಡು ಬದುಕಿ ಬಂದ ನಾಯಕನಟ ಸಂಜಯ್ ಖಾನ್ ಅವರ ಹೆಸರು ಎಲ್ಲರಿಗೂ ನೆನಪಾಗುತ್ತದೆ. ಸತ್ತವರ ಹೆಸರು ಮೈಸೂರಿನಲ್ಲಿಯೇ ಎಷ್ಟು ಮಂದಿಗೆ ನೆನಪಿದೆ? ದೀಪ ಹಿಡಿದವರು, ಬಣ್ಣ ಬಳಿದವರು, ಹಲಗೆ ಹೊಡೆದ ಬಡಗಿಗಳು, ಗುಂಪಿನಲ್ಲಿ ನಿಂತು ದಿನಗೂಲಿ ಪಡೆದವರು: ಒಂದು ಸ್ಟುಡಿಯೋವನ್ನು ನಡೆಸುವವರು ಇವರು. ರಾಜ್‌ಕುಮಾರ್ ಅವರು ಮಧ್ಯಾಹ್ನದ ಊಟವನ್ನು ಯಾರೊಡನೆ ಮಾಡಿದರು, ಕಲ್ಪನಾ ಟೇಕುಗಳ ನಡುವೆ ಎಲ್ಲಿ ಕುಳಿತಿರುತ್ತಿದ್ದರು ಎಂಬುದನ್ನು ಕಂಡವರೂ ಇಂತಹವರೇ. ಇವರಲ್ಲಿ ಬದುಕಿರುವವರು ಈಗ ಎಪ್ಪತ್ತು ಎಂಬತ್ತರ ಅಂಚಿನಲ್ಲಿದ್ದಾರೆ. ಕೆಲವರ ಮಾತುಗಳನ್ನು ಇತ್ತೀಚೆಗೆ ಮುದ್ರಿಸಿಕೊಳ್ಳುತ್ತಿರುವ ಉತ್ಸಾಹಿಗಳಿದ್ದಾರೆ ಎಂಬುದು ಸಮಾಧಾನ. ಆ ಸಂದರ್ಶನಗಳು ಉದ್ದವಾಗಿರುತ್ತವೆ, ದೀಪದ ಅಲಂಕಾರವಿರುವುದಿಲ್ಲ, ನಡುವೆ ಕಾಫಿ ಬರುತ್ತದೆ, ಮುದುಕರು ದಾರಿ ತಪ್ಪಿ ಇನ್ನೇನೋ ಹೇಳುತ್ತಾರೆ. ವಾಹಿನಿಗಳ ಕೊಳಲಿನ ಆಲಾಪಕ್ಕಿಂತ ನನಗೆ ಆ ದಾರಿ ತಪ್ಪಿದ ಮಾತೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಲ್ಲಿ, ಉದ್ಬೂರಿನ ಬಳಿ, ವಿಷ್ಣುವರ್ಧನ್ ಅವರ ಸ್ಮಾರಕವಿದೆ. 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮೈಸೂರಿನಲ್ಲಿ ಹುಟ್ಟಿ ಮೈಸೂರಿನಲ್ಲಿಯೇ ತೀರಿಕೊಂಡ ನಟನಿಗೆ ಅದು ಸಲ್ಲತಕ್ಕದ್ದು. ಅದೇ ದಾರಿಯಲ್ಲಿ ಕೋಟೆಯನ್ನು ದಾಟಿ ಕಬಿನಿಯ ಕಡೆಗೆ ಹೋದರೆ ಕಾರಾಪುರ ಸಿಗುತ್ತದೆ. 1924ರಲ್ಲಿ ಅಲ್ಲಿ ಹುಟ್ಟಿದ ಮಾವುತನ ಮಗನೊಬ್ಬ ಜಗತ್ಪ್ರಸಿದ್ಧ ತಾರೆಯಾದನೆಂಬುದಕ್ಕೆ ಆ ದಾರಿಯಲ್ಲಿ ಹೋಗುವ ಪ್ರವಾಸಿಗರಲ್ಲಿ ಎಷ್ಟು ಜನ ಗಮನ ಕೊಡುತ್ತಾರೆ? ಅವನೇ ಸಾಬು.

ಅವನ ಕಥೆಯಲ್ಲಿ ಒಂದು ವಿಚಿತ್ರವಿದೆ. ‘ಡಾಕ್ಯುಮೆಂಟರಿ’ ಎಂಬ ಶಬ್ದವನ್ನು ಸಿನಿಮಾಗೆ ಅನ್ವಯಿಸಿ ಪ್ರಚಾರಕ್ಕೆ ತಂದದ್ದು 1926ರಲ್ಲಿ ರಾಬರ್ಟ್ ಫ್ಲಾಹರ್ಟಿಯ ‘ಮೋಆನಾ’ ಚಿತ್ರದ ವಿಮರ್ಶೆಯಲ್ಲಿ. ಅದೇ ಫ್ಲಾಹರ್ಟಿ, ಸಾಕ್ಷ್ಯಚಿತ್ರದ ಪಿತಾಮಹನೆಂದು ಹೆಸರಾದವನು, 1935ರಲ್ಲಿ ಮೈಸೂರಿಗೆ ಬಂದು, ಚಿತ್ತರಂಜನ್ ಮಹಲಿನಲ್ಲಿ ಬೀಡುಬಿಟ್ಟು, ಕಿಪ್ಲಿಂಗನ ಕಥೆಯನ್ನು ಆಧರಿಸಿದ ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ಹುಡುಗನೊಬ್ಬನನ್ನು ಹುಡುಕಿದ. ತಂದೆ ತೀರಿಕೊಂಡ ಬಳಿಕ ಅರಮನೆಯ ಆನೆಲಾಯದ ಆಶ್ರಯದಲ್ಲಿದ್ದ ಸಾಬು ಅವನ ಛಾಯಾಗ್ರಾಹಕ ಬೊರಡೇಲನ ಕಣ್ಣಿಗೆ ಬಿದ್ದ. ಫ್ಲಾಹರ್ಟಿ ತಿಂಗಳುಗಟ್ಟಲೆ ನಮ್ಮ ಕಾಡಿನಲ್ಲಿ, ಆನೆಗಳ ನಡುವೆ ಚಿತ್ರೀಕರಿಸಿದ. ಲಂಡನ್ನಿನ ನಿರ್ಮಾಪಕರಿಗೆ ಅಷ್ಟು ಸಾಲಲಿಲ್ಲ. ಹುಡುಗನನ್ನು ಅಲ್ಲಿಗೇ ಕರೆಸಿಕೊಂಡು ಜೋಲ್ಟಾನ್ ಕೋರ್ಡಾ ಉಳಿದ ಭಾಗವನ್ನು ಸ್ಟುಡಿಯೋದಲ್ಲಿ ಚಿತ್ರೀಕರಿಸಿದ. 1937ರಲ್ಲಿ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ಉತ್ತಮ ನಿರ್ದೇಶನದ ಪ್ರಶಸ್ತಿ ಬಂತು. ಆ ಚಿತ್ರವನ್ನು ಇಂದು ನೋಡಿದರೆ ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ: ಒಂದು ದೃಶ್ಯದಲ್ಲಿ ಮೈಸೂರಿನ ಬಿಸಿಲು, ಮುಂದಿನದರಲ್ಲಿ ಇಂಗ್ಲೆಂಡಿನ ಸ್ಟುಡಿಯೋದ ಕಾಡು. ಎರಡರಲ್ಲಿಯೂ ಅದೇ ಹುಡುಗ, ಅದೇ ನಗು.

ಅಣ್ಣನೊಡನೆ ಹೊರಟುಹೋದ ಹುಡುಗ ಮೈಸೂರಿನಲ್ಲಿ ಮತ್ತೆ ನೆಲೆಸಲಿಲ್ಲ. ‘ದಿ ಡ್ರಮ್’, ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಹೀಗೆ ಒಂದಾದ ಮೇಲೊಂದು ಚಿತ್ರ. 1938ರ ‘ದಿ ಡ್ರಮ್’ ಬ್ರಿಟಿಷ್ ಸಾಮ್ರಾಜ್ಯವನ್ನು ವೈಭವೀಕರಿಸುತ್ತದೆಂದು ಬೊಂಬಾಯಿಯಲ್ಲಿ ಪ್ರತಿಭಟನೆ ನಡೆಯಿತು. ಕನ್ಯಾಸ್ತ್ರೀಯರ ಕಥೆಯಾದ 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದಲ್ಲಿ ಅವನು ಹಿಮಾಲಯದ ರಾಜಕುವರ. ಆ ಹಿಮಾಲಯವನ್ನೂ ಇಂಗ್ಲೆಂಡಿನಲ್ಲಿಯೇ ಬಣ್ಣದಿಂದ ಬರೆದಿದ್ದರು. (ಅಮೆರಿಕದ ಕಥೋಲಿಕರ ಚಿತ್ರಪರಿಶೀಲನಾ ಸಂಘ ಅದನ್ನು ಖಂಡಿಸಿ ಕತ್ತರಿ ಹಾಕಿಸಿತು. ಇಂದು ನೋಡಿದರೆ ಅಷ್ಟು ಗಾಬರಿಯ ಅಗತ್ಯವಿರಲಿಲ್ಲವೆನಿಸುತ್ತದೆ.) 1944ರಲ್ಲಿ ಅಮೆರಿಕದ ಪೌರನಾಗಿ, ಯುದ್ಧವಿಮಾನದಲ್ಲಿ ಬಂದೂಕುಗಾರನಾಗಿ ಹೋರಾಡಿ ಪದಕ ಪಡೆದ. ಮದುವೆಯಾಗಿ ಎರಡು ಮಕ್ಕಳಾದುವು. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ಸತ್ತ. ವಯಸ್ಸು ಅವನಿಗೂ 39. ಭಾರತದ ಯಾವ ಚಿತ್ರದಲ್ಲಿಯೂ ಅವನು ನಟಿಸಲಿಲ್ಲ. ಪುಸ್ತಕಗಳಲ್ಲಿ ಅವನ ಹೆಸರು ಸಾಬು ದಸ್ತಗೀರ್. ದಸ್ತಗೀರ್ ಎಂಬುದು ಅಣ್ಣನ ಹೆಸರೆಂದು ಬರೆದವರೂ ಉಂಟು. ಹೆಸರಿನ ವಿಷಯದಲ್ಲಿಯೇ ಸಾಕ್ಷಿಗಳು ಹೊಂದುವುದಿಲ್ಲ!

ಅವನ ಬಗ್ಗೆ ಹೇಳಿದವರು ಹೆಚ್ಚಾಗಿ ಅವನನ್ನು ‘ಕಂಡುಹಿಡಿದವರು’. ಫ್ಲಾಹರ್ಟಿಯ ಪತ್ನಿ ಫ್ರಾನ್ಸಿಸ್ ಮೈಸೂರಿನ ದಿನಗಳನ್ನು ಕುರಿತು ‘ಎಲಿಫೆಂಟ್ ಡ್ಯಾನ್ಸ್’ ಎಂಬ ಪುಸ್ತಕ ಬರೆದರು. ಪ್ರೀತಿಯಿಂದ ಬರೆದದ್ದು, ಆದರೆ ಬಂಗಲೆಯ ಜಗಲಿಯ ಮೇಲಿನಿಂದ ಕಂಡದ್ದು. ಅನಾಥ ಹುಡುಗ, ದಯಾಳು ಬಿಳಿಯರು, ಹಾಲಿವುಡ್ಡಿನ ಅದೃಷ್ಟ ಎಂಬ ಕಥೆ ಅಲ್ಲಿಂದ ಎಲ್ಲ ಕಡೆ ಹರಡಿತು. ಆನೆಲಾಯದಲ್ಲಿ ಅವನೊಡನೆ ಬೆಳೆದವರು ಅವನನ್ನು ಏನೆಂದು ಕರೆಯುತ್ತಿದ್ದರು, ಹುಡುಗ ಹಡಗು ಹತ್ತಿ ಹೋದ ಮೇಲೆ ಆ ಆನೆಯ ಸೇವೆಗೆ ಯಾರು ಬಂದರು, ಅವನ ಚಿತ್ರ ಮೈಸೂರಿನ ಚಿತ್ರಮಂದಿರದಲ್ಲಿ ಓಡಿದಾಗ ಮಾವುತರಿಗೆ ಒಳಗೆ ಜಾಗ ಸಿಕ್ಕಿತೇ ಎಂದು ಅವರನ್ನು ಕೇಳಬೇಕಾಗಿತ್ತು. ಮೈಸೂರಿನ ಕಡೆಯಿಂದ, ಕನ್ನಡದಲ್ಲಿ, ಈ ಬದುಕನ್ನು ಹೇಳಿದ ಸಾಕ್ಷ್ಯಚಿತ್ರವನ್ನು ನಾನು ನೋಡಿಲ್ಲ.

ಅವನನ್ನು ಕಂಡವರು ಈಗ ಉಳಿದಿರಲಾರರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಬಳಿಕ ಕಬಿನಿ ಜಲಾಶಯದ ನೀರು ಆ ಕಾಡಿನ ಬಹುಭಾಗವನ್ನು ಮುಳುಗಿಸಿತು. ಆದರೆ ಮಾವುತರ ಮನೆತನಗಳು ಇವೆ. ಪ್ರತಿವರ್ಷ ದಸರೆಗೆ ಮುನ್ನ ಅವರು ಆನೆಗಳೊಂದಿಗೆ ಕಾಡಿನಿಂದ ಬಂದು ಅರಮನೆಯ ಆವರಣದಲ್ಲಿ ವಾರಗಟ್ಟಲೆ ಬಿಡಾರ ಹೂಡುತ್ತಾರೆ. ಅವರ ಮಕ್ಕಳಿಗಾಗಿ ಅಲ್ಲಿಯೇ ತಾತ್ಕಾಲಿಕ ಶಾಲೆಯೊಂದು ನಡೆಯುತ್ತದೆ. ಕ್ಯಾಮೆರಾಗಳೆಲ್ಲ ಅಂಬಾರಿ ಹೊರುವ ಆನೆಯ ಕಡೆಗೇ ತಿರುಗಿರುತ್ತವೆ. ನೀವು ಮಕ್ಕಳನ್ನು ಕರೆದುಕೊಂಡು ಆನೆ ನೋಡಲು ಹೋದಾಗ, ಬಿಡಾರದ ಮುಂದೆ ಕುಳಿತ ಹಿರಿಯರೊಬ್ಬರನ್ನು ನಮಸ್ಕರಿಸಿ ಮಾತನಾಡಿಸಿ. ‘ತಾತ, ಸಾಬು ಅಂತ ಒಬ್ಬ ಹುಡುಗ ಇದ್ದನಂತಲ್ಲ, ನಿಮ್ಮ ಹಿರಿಯರು ಏನಾದರೂ ಹೇಳುತ್ತಿದ್ದರೇ?’ ಎಂದು ಕೇಳಿ. ಕೈಯಲ್ಲಿರುವ ಮೊಬೈಲನ್ನು ಅಷ್ಟು ಹೊತ್ತು ಅವರ ಕಡೆಗೆ ಹಿಡಿಯಿರಿ.